ಕಾಣದ ವಿಷಾನಿಲ, ಕೂಗುವ ಕಾವಲುಗಾರ

ಮಲೆನಾಡಿನಲ್ಲಾಗಲಿ ಬಯಲುಸೀಮೆಯಲ್ಲಾಗಲಿ, ಹಳೆಯ ಮನೆಗಳ ಬಚ್ಚಲೆಂದರೆ ಒಂದು ಹಂಡೆ, ಅದರಡಿಯಲ್ಲಿ ಒಲೆ, ಮೇಲೆ ಹೆಂಚಿನ ಸೂರು. ಒಲೆಯ ಹೊಗೆ ಕಣ್ಣುರಿ ತರುತ್ತಿತ್ತು, ಗೋಡೆಗೆ ಮಸಿ ಬಳಿಯುತ್ತಿತ್ತು; ಆದರೂ ಹೆಂಚುಗಳ ಸಂದಿನಿಂದಲೂ ಗವಾಕ್ಷಿಯಿಂದಲೂ ಹೊರಗೆ ಹೋಗಿಬಿಡುತ್ತಿತ್ತು. ಉದ್ಯೋಗ ನಿಮಿತ್ತ ಮುಂಬಯಿ, ಪುಣೆ, ದೆಹಲಿಗಳಲ್ಲಿ ನೆಲೆಸಿದ ಅನೇಕ ಕನ್ನಡಿಗರ ಮನೆಗಳಲ್ಲಿ ಇಂದು ಹಂಡೆಯ ಸ್ಥಾನದಲ್ಲಿ ಗ್ಯಾಸ್ ಗೀಸರ್ ಇದೆ. ಹೊಗೆಯಿಲ್ಲ, ಮಸಿಯಿಲ್ಲ, ನಲ್ಲಿ ತಿರುಗಿಸಿದೊಡನೆ ಬಿಸಿನೀರು. ಬೆಂಕಿಯೇನೋ ಹಿಂದಿನಂತೆಯೇ ಉಂಟು. ಇಲ್ಲವಾದದ್ದು ಸೂರಿನ ಸಂದು ಮಾತ್ರ. ಚಳಿಗಾಲದ ದಿನಗಳಲ್ಲಿ, ಸ್ನಾನಕ್ಕೆ ಹೋದವರು ಬಾಗಿಲು ತೆರೆಯಲೇ ಇಲ್ಲವೆಂಬ ಸುದ್ದಿಯು ವೃತ್ತಪತ್ರಿಕೆಗಳಲ್ಲಿ ಆಗಾಗ ಕಾಣಿಸಿಕೊಳ್ಳುವುದಕ್ಕೆ ಹಲವು ಸಲ ಈ ಒಂದು ವ್ಯತ್ಯಾಸವೇ ಕಾರಣ.

ವಿಷ ಹುಟ್ಟುವ ಬಗೆ

ಗ್ಯಾಸ್, ಇದ್ದಿಲು, ಸೌದೆ, ಪೆಟ್ರೋಲ್ — ಇಂಗಾಲವುಳ್ಳ ಯಾವ ಉರುವಲೇ ಆಗಲಿ, ಸಾಕಷ್ಟು ಗಾಳಿ ದೊರೆತಾಗ ಉರಿದು ಬಹುಮಟ್ಟಿಗೆ ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಗಾಳಿ ಸಾಲದೆ ಹೋದಾಗ ಹುಟ್ಟುವುದು ಕಾರ್ಬನ್ ಮಾನಾಕ್ಸೈಡ್. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣುರಿಯಿಲ್ಲ. ಅಡಿಗೆ ಅನಿಲ ಸೋರಿದರೆ ಮೂಗಿಗೆ ತಿಳಿಯುತ್ತದೆ. ಏಕೆಂದರೆ ಅದಕ್ಕೆ ದುರ್ವಾಸನೆಯ ದ್ರವ್ಯವೊಂದನ್ನು ಬೇಕೆಂದೇ ಬೆರೆಸಿರುತ್ತಾರೆ. ಅದೇ ಅನಿಲ ಉರಿದು ಹುಟ್ಟುವ ಈ ವಿಷಕ್ಕೆ ಅಂತಹ ಗುರುತಿಲ್ಲ. ಜ್ವಾಲೆ ಹಳದಿಯಾಗಿದ್ದರೆ ಅದು ಅಪಾಯದ ಸೂಚನೆಯೆಂಬುದು ನಿಜ. ಆದರೆ ನೀಲಿಯಾಗಿದೆಯೆಂದ ಮಾತ್ರಕ್ಕೆ ನಿಶ್ಚಿಂತೆಯಿಂದಿರುವಂತಿಲ್ಲ.

ಇಲ್ಲಿ ಒಂದು ಸರಳ ಲೆಕ್ಕವನ್ನು ಹಾಕಿ ನೋಡಬಹುದು. 5 ಅಡಿ ಅಗಲ, 6 ಅಡಿ ಉದ್ದ, 8 ಅಡಿ ಎತ್ತರದ ಬಚ್ಚಲುಮನೆಯಲ್ಲಿರುವ ಗಾಳಿ 240 ಘನ ಅಡಿ. ಅಂದರೆ ಸುಮಾರು 6,800 ಲೀಟರು. ಒಂದು ಕಿಲೋ ಅಡಿಗೆ ಅನಿಲ ಪೂರ್ಣವಾಗಿ ಉರಿಯಲು ಬೇಕಾಗುವ ಗಾಳಿ ಸುಮಾರು 12,000ದಿಂದ 13,000 ಲೀಟರು. ಕಿಟಕಿ ಬಾಗಿಲುಗಳನ್ನು ಮುಚ್ಚಿದ ಮೇಲೆ ಈ ಕೊರತೆಯನ್ನು ತುಂಬುವವರಾರು? ಇತ್ತ, ಅಷ್ಟು ಗಾಳಿಯಲ್ಲಿ ಮೂರು ಲೀಟರಿಗಿಂತಲೂ ಕಡಿಮೆ ಮಾನಾಕ್ಸೈಡ್ ಬೆರೆತರೆ ಸಾಕು, ಅದರ ಪ್ರಮಾಣ ದಶಲಕ್ಷಕ್ಕೆ 400 ಭಾಗವಾಗುತ್ತದೆ. ಯಾವ ಅಲಾರಂ ಆದರೂ ಕೆಲವೇ ನಿಮಿಷಗಳಲ್ಲಿ ಕೂಗಿಕೊಳ್ಳಬೇಕಾದ ಮಟ್ಟವದು.

ದೇಹದೊಳಗೆ ನಡೆಯುವುದೇನು?

ಉಸಿರಿನ ಆಮ್ಲಜನಕವನ್ನು ರಕ್ತದಲ್ಲಿ ಹೊತ್ತು ಸಾಗಿಸುವುದು ಹಿಮೋಗ್ಲೋಬಿನ್. ಮಾನಾಕ್ಸೈಡಿಗೆ ಅದರೊಡನೆ ಇರುವ ಆಕರ್ಷಣೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಅಧಿಕ. ರೈಲಿನಲ್ಲಿ ಕಾದಿರಿಸಿದ ಆಸನವನ್ನು ಅನ್ಯನೊಬ್ಬ ಆಕ್ರಮಿಸಿ, ಎಷ್ಟು ಹೇಳಿದರೂ ಏಳದೆ ಕುಳಿತಂತೆ ಇದರ ವರ್ತನೆ. ಈ ಸಂಗತಿಯನ್ನು ಫ್ರಾನ್ಸಿನ ಶರೀರಶಾಸ್ತ್ರಜ್ಞ ಕ್ಲೋಡ್ ಬರ್ನಾರ್ಡ್ 19ನೆಯ ಶತಮಾನದ ಮಧ್ಯಭಾಗದಲ್ಲಿಯೇ ಕಂಡುಕೊಂಡಿದ್ದನು.

ಮೊದಲು ತಲೆನೋವು, ತಲೆಸುತ್ತು, ಓಕರಿಕೆ, ನಿತ್ರಾಣ; ಅನಂತರ ಮಂಕು, ಮೂರ್ಛೆ. ಜ್ವರವಿಲ್ಲದಿದ್ದರೂ ಫ್ಲೂ ಎಂದೋ, ಪಿತ್ತವೆಂದೋ, ಖಾಲಿ ಹೊಟ್ಟೆಯ ಸ್ನಾನದ ಫಲವೆಂದೋ ಮನೆಯವರು ಭಾವಿಸುವುದುಂಟು. ಮನೆಯಲ್ಲಿ ಇಬ್ಬರು ಮೂವರಿಗೆ ಒಟ್ಟಿಗೇ ತಲೆನೋವು ಬಂದು, ಹೊರಗೆ ಹೋದೊಡನೆ ಅದು ಇಳಿದರೆ, ಅನುಮಾನಿಸತಕ್ಕದ್ದು ಗಾಳಿಯನ್ನೇ. ಕೋವಿಡ್ ಕಾಲದಲ್ಲಿ ಅನೇಕ ಮನೆಗಳಿಗೆ ಬಂದ ಬೆರಳಿನ ಆಕ್ಸಿಮೀಟರ್ ಇಲ್ಲಿ ಪ್ರಯೋಜನಕ್ಕೆ ಬಾರದು. ಮಾನಾಕ್ಸೈಡ್ ಹೊತ್ತ ರಕ್ತವನ್ನೂ ಅದು ಆಮ್ಲಜನಕಭರಿತವೆಂದೇ ಎಣಿಸಿ, ಸಮಾಧಾನಕರವಾದ ಅಂಕಿಯನ್ನು ತೋರಿಸಿಬಿಡಬಹುದು.

ಗರ್ಭಸ್ಥ ಶಿಶುವಿಗೆ ಅಪಾಯ ಇನ್ನೂ ಹೆಚ್ಚು. ಊರಿನಿಂದ ತಾಯಿ ಬಂದು ನಗರದ ಫ್ಲ್ಯಾಟಿನಲ್ಲಿ ಮಗಳ ಬಾಣಂತನ ಮಾಡುವಾಗ ಗಾಳಿ ತಾಕಬಾರದೆಂದು ಕಿಟಕಿಗಳನ್ನು ಮುಚ್ಚಿ, ಅಗ್ಗಿಷ್ಟಿಕೆಯಲ್ಲಿ ಕೆಂಡವಿಡುವ ರೂಢಿ ಕೆಲವು ಮನೆಗಳಲ್ಲಿದೆ. ಅದರ ಹಿಂದಿರುವ ವಾತ್ಸಲ್ಯವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಹೊಗೆಯಾಡದ ಕೆಂಡವೂ ಮಾನಾಕ್ಸೈಡನ್ನು ಧಾರಾಳವಾಗಿ ಹೊರಸೂಸುತ್ತದೆ. ಮುಚ್ಚಿದ ಕೋಣೆಯಲ್ಲಿ ಅದು ಬಾಣಂತಿಗೂ ಕೂಸಿಗೂ ಮೃತ್ಯುಸಮಾನ. ದೆಹಲಿಯ ಚಳಿಯಲ್ಲಿ ಇದ್ದಿಲಿನ ಅಂಗೀಠಿಯನ್ನು ಬಳಿಯಿಟ್ಟುಕೊಂಡು ಮಲಗುವವರಿಗೂ ಇದೇ ಮಾತು ಅನ್ವಯಿಸುತ್ತದೆ.

ಹಕ್ಕಿಯಿಂದ ಯಂತ್ರದವರೆಗೆ

19ನೆಯ ಶತಮಾನದ ಕೊನೆಯ ದಶಕದಲ್ಲಿ ಬ್ರಿಟನ್ನಿನ ವಿಜ್ಞಾನಿ ಜಾನ್ ಸ್ಕಾಟ್ ಹಾಲ್ಡೇನ್, ಗಣಿಯೊಳಗೆ ಸಣ್ಣ ಪ್ರಾಣಿಗಳನ್ನು ಕೊಂಡೊಯ್ಯಲು ಸಲಹೆ ಮಾಡಿದನು. ಹೀಗೆ ಕಲ್ಲಿದ್ದಲ ಗಣಿಗಳಿಗೆ ಕೆನರಿ ಹಕ್ಕಿ ಬಂದಿತು. ಮನುಷ್ಯನಿಗೆ ವಿಷ ಏರುವ ಮೊದಲೇ ಹಕ್ಕಿ ತೂಕಡಿಸಿ ಬೀಳುತ್ತಿತ್ತು. ಆ ಹಕ್ಕಿಗಳ ಬದಲು ಎಲೆಕ್ಟ್ರಾನಿಕ್ ಉಪಕರಣಗಳನ್ನು ಬಳಸುವ ನಿರ್ಧಾರ ಬ್ರಿಟನ್ನಿನಲ್ಲಿ ಪ್ರಕಟವಾದದ್ದು 1986ರಲ್ಲಿ. ಇಂದು ಮನೆಯ ಗೋಡೆಗೆ ತೂಗುಹಾಕುವ ಅಲಾರಂ ಆ ಹಕ್ಕಿಯ ಕೆಲಸವನ್ನೇ ಮಾಡುತ್ತದೆ.

ಅಲಾರಂ ಕೊಳ್ಳುವಾಗ ಯುರೋಪಿನ ಇ.ಎನ್. 50291 ಅಥವಾ ಅಮೆರಿಕದ ಯು.ಎಲ್. 2034 ಎಂಬ ಮಾನಕದ ಗುರುತನ್ನು ನೋಡುವುದೊಳಿತು. ಯುರೋಪಿನ ಮಾನಕದಂತೆ, ದಶಲಕ್ಷಕ್ಕೆ 50 ಭಾಗವಿದ್ದರೆ 60ರಿಂದ 90 ನಿಮಿಷಗಳಲ್ಲಿ, 100 ಭಾಗವಿದ್ದರೆ 10ರಿಂದ 40 ನಿಮಿಷಗಳಲ್ಲಿ, 300 ಭಾಗವಿದ್ದರೆ 3 ನಿಮಿಷಗಳೊಳಗೆ ಗಂಟೆ ಬಾರಿಸಬೇಕು. ಅಡಿಗೆ ಅನಿಲದ ಸೋರಿಕೆಯನ್ನು ಪತ್ತೆ ಮಾಡುವ ಉಪಕರಣವೂ ಹೊಗೆಯ ಅಲಾರಂ ಕೂಡ ಬೇರೆಯೇ. ಅವು ಇದರ ಕೆಲಸವನ್ನು ಮಾಡಲಾರವು.

ಬಳಸುವ ಕ್ರಮ

1. ಮಲಗುವ ಕೋಣೆಯಲ್ಲಿ, ಅಥವಾ ನಿದ್ರಿಸುವವರ ಕಿವಿಗೆ ಬೀಳುವಷ್ಟು ಹತ್ತಿರದಲ್ಲಿ ಒಂದು ಅಲಾರಂ ಇರತಕ್ಕದ್ದು. ಎತ್ತರದ ವಿಷಯದಲ್ಲಿ ತಯಾರಕರ ಕೈಪಿಡಿಯನ್ನು ಅನುಸರಿಸಬೇಕು.

2. ಕಿಟಕಿ ಮತ್ತು ಪಂಖದ ಗಾಳಿಗೆ ನೇರವಾಗಿ, ಪರದೆಯ ಹಿಂದೆ, ಒಲೆಯ ಮೇಲ್ಗಡೆ ಅದನ್ನು ಇಡಬಾರದು.

3. ಪರೀಕ್ಷಾ ಗುಂಡಿಯನ್ನು ತಿಂಗಳಿಗೊಮ್ಮೆಯಾದರೂ ಒತ್ತಬೇಕು. ಸಾಮಾನ್ಯವಾಗಿ ಗುಂಡಿ ಪರೀಕ್ಷಿಸುವುದು ಬ್ಯಾಟರಿ ಮತ್ತು ಗಂಟೆಯನ್ನು. ಒಳಗಿನ ಸಂವೇದಕ ಸವೆದಿದ್ದರೆ ಅದು ತಿಳಿಸದು. ಆದುದರಿಂದ ಡಬ್ಬಿಯ ಮೇಲಿನ ಅವಧಿ — ಬಹುತೇಕ 5ರಿಂದ 10 ವರ್ಷ — ಮುಗಿದೊಡನೆ ಹೊಸದನ್ನು ತರಲೇಬೇಕು. ಕೊಂಡ ತಾರೀಖನ್ನು ಅದರ ಬೆನ್ನ ಮೇಲೆ ಬರೆದಿಡುವುದು ಜಾಣತನ.

4. ಚಾರ್ಜ್ ಆಗುವ ಇನ್ವರ್ಟರ್ ಬ್ಯಾಟರಿಯಿಂದ ಹೊರಡುವ ಜಲಜನಕವೂ ಕೆಲವು ಅಲಾರಂಗಳನ್ನು ಕೂಗಿಸುತ್ತದೆ. ಅದರ ಬಳಿ ಅಲಾರಂ ಬೇಡ. ಆದರೂ ಗಂಟೆ ಬಾರಿಸಿದಾಗ ಸುಳ್ಳಿರಬಹುದೆಂದು ಮೊದಲೇ ತೀರ್ಮಾನಿಸುವುದು ಪ್ರಾಣಕ್ಕೆ ಎರವಾದೀತು.

ಗಂಟೆ ಬಾರಿಸಿದಾಗ

ಎಲ್ಲರನ್ನೂ ಎಬ್ಬಿಸಿ ಒಡನೆಯೇ ಹೊರಗೆ ಹೋಗಬೇಕು. ಹೋಗುವ ದಾರಿಯಲ್ಲೇ ಸಾಧ್ಯವಾದರೆ ಉರಿಯುತ್ತಿರುವುದನ್ನು ಆರಿಸಿ, ಕಿಟಕಿ ಬಾಗಿಲುಗಳನ್ನು ತೆರೆಯಬೇಕು. ಹೊರಬಂದ ಮೇಲೆ ತಲೆಗಳನ್ನು ಎಣಿಸಿ, 112ಕ್ಕೆ ದೂರವಾಣಿ ಮಾಡಬೇಕು. ಮರೆತ ವಸ್ತುವಿಗಾಗಿ ಮರಳಿ ಒಳಗೆ ಹೋಗಕೂಡದು. ಕಿಟಕಿ ತೆರೆದಾಗ ಗಂಟೆ ನಿಂತಿತೆಂದರೆ ಗಾಳಿ ಬದಲಾಯಿತೆಂದಷ್ಟೇ ಅರ್ಥ. ದೋಷ ಇದ್ದಲ್ಲಿಯೇ ಇರುತ್ತದೆ. ತಲೆನೋವೋ ಮಂಕೋ ಇದ್ದವರನ್ನು ಆಸ್ಪತ್ರೆಗೆ ಒಯ್ದು, ಇದು ಗ್ಯಾಸ್ ಗೀಸರಿನ ಅಥವಾ ಕೆಂಡದ ಮನೆಯೆಂದು ವೈದ್ಯರಿಗೆ ಸ್ಪಷ್ಟವಾಗಿ ಹೇಳಬೇಕು. ಬರಿಯ ಗಾಳಿಯಲ್ಲಿ ರಕ್ತದೊಳಗಿನ ಈ ವಿಷ ಅರ್ಧಕ್ಕಿಳಿಯಲು ನಾಲ್ಕೈದು ತಾಸು ಬೇಕು. ಶುದ್ಧ ಆಮ್ಲಜನಕ ಕೊಟ್ಟಲ್ಲಿ ಸುಮಾರು ಒಂದೂವರೆ ತಾಸಿನೊಳಗೆ ಅದು ಸಾಧ್ಯ. ಗುಣವಾದಂತೆ ತೋರಿದವರಲ್ಲಿಯೂ ಕೆಲವು ದಿನ ಅಥವಾ ವಾರಗಳ ಬಳಿಕ ಮರೆವು, ಗೊಂದಲ ತಲೆದೋರಬಹುದಾದ್ದರಿಂದ ವೈದ್ಯರ ಮರುಪರೀಕ್ಷೆ ಅಗತ್ಯ.

ಅಲಾರಂ ಮಾಡಲಾರದ ಕೆಲಸ

ಈ ಉಪಕರಣಕ್ಕೆ ಹಬೆ ಆಗದು. ಆದುದರಿಂದ ಬಚ್ಚಲುಮನೆಯೊಳಗೆ ಅದನ್ನು ಇಡುವಂತಿಲ್ಲ. ಬಾಗಿಲ ಹೊರಗಿಟ್ಟರೆ, ಒಳಗಿರುವವರಿಗೆ ವಿಷವೇರಿದ ಎಷ್ಟೋ ಹೊತ್ತಿನ ಮೇಲೆ ಅದು ಕೂಗೀತು. ಎಂದಮೇಲೆ ಅಪಾಯ ಅತ್ಯಧಿಕವಾಗಿರುವ ಸ್ಥಳದಲ್ಲಿಯೇ ಈ ಕಾವಲುಗಾರ ನಿಲ್ಲಲಾರನು. ಅಲ್ಲಿಗೆ ಉಪಾಯವೊಂದೇ: ಗೀಸರ್ ಮತ್ತು ಸಿಲಿಂಡರುಗಳನ್ನು ಗಾಳಿಯಾಡುವ ಹೊರ ಬಾಲ್ಕನಿಯಲ್ಲಿಟ್ಟು, ಬಿಸಿನೀರನ್ನು ಮಾತ್ರ ಕೊಳವೆಯ ಮೂಲಕ ಒಳಗೆ ತರುವುದು; ಇಲ್ಲವೆ ವಿದ್ಯುತ್ ಅಥವಾ ಸೌರಶಕ್ತಿಯ ಗೀಸರನ್ನು ಬಳಸುವುದು. ಇವೆರಡೂ ಕೈಗೂಡುವವರೆಗೆ, ಬಾಗಿಲು ತೆರೆದಿಟ್ಟು ಬಕೆಟ್ಟಿನಲ್ಲಿ ನೀರು ತುಂಬಿಸಿಕೊಂಡು, ಗೀಸರ್ ಆರಿಸಿ, ಕೋಣೆಗೆ ಚೆನ್ನಾಗಿ ಗಾಳಿಯಾಡಿದ ಮೇಲೆಯೇ ಸ್ನಾನಕ್ಕೆ ಹೋಗತಕ್ಕದ್ದು. ಬಾಡಿಗೆಯ ಮನೆಯಾದರೆ ಕರಾರುಪತ್ರಕ್ಕೆ ಸಹಿ ಹಾಕುವ ಮೊದಲು ಗೀಸರ್ ಎಲ್ಲಿದೆಯೆಂದು ನೋಡುವುದು, ಮುಂಗಡದ ಮೊತ್ತವನ್ನು ಕೇಳುವಷ್ಟೇ ಮುಖ್ಯ.

ಚಳಿಗಾಲದಲ್ಲಿ ಊರಿನಿಂದ ಹಿರಿಯರು ಬರುವುದುಂಟು. ಅವರು ಬಂದ ದಿನವೇ ಪರೀಕ್ಷಾ ಗುಂಡಿಯೊತ್ತಿ ಆ ಶಬ್ದವನ್ನು ಅವರಿಗೆ ಕೇಳಿಸಿ, ‘ಇದು ಕೂಗಿದರೆ ಎಲ್ಲವನ್ನೂ ಬಿಟ್ಟು ಹೊರಗೆ ಬನ್ನಿ’ ಎಂದು ತಿಳಿಸಿರಬೇಕು. ಅರ್ಥ ತಿಳಿಯದ ಶಬ್ದವನ್ನು ಯಾರೂ ಲೆಕ್ಕಿಸುವುದಿಲ್ಲ. ಕಿರಿಕಿರಿಯೆಂದು ಬ್ಯಾಟರಿಯನ್ನೇ ತೆಗೆದಿಟ್ಟಾರು.