ಅಟ್ಟದ ಮೇಲಿನ ಎಂಜಿನ್ ಗುಜರಿಗೆ ಹಾಕುವ ಮುನ್ನ

ಹಬ್ಬಕ್ಕೆ ಮನೆ ಚೊಕ್ಕಟ ಮಾಡುವಾಗ ನಮ್ಮ ಕಣ್ಣು ಮೊದಲು ಬೀಳುವುದು ಗಂಡಸರು ಕೂಡಿಟ್ಟ ಕಬ್ಬಿಣದ ಮೇಲೆ. ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರು ಯಾವ ಕಡೆಯಾದರೂ ಸರಿ, ಗೋಣಿಚೀಲದೊಳಗೆ ಒಂದು ಯೆಜ್ಡಿಯದೋ ಆರ್.ಎಕ್ಸ್. ೧೦೦ರದೋ ಎಂಜಿನ್ ಮಲಗಿರಬಹುದು. ಬೀದಿಯಲ್ಲಿ ಗುಜರಿಯವನ ಕೂಗು ಕೇಳಿದ್ದೇ ತಡ, "ತಗೊಂಡ್ಹೋಗಪ್ಪ, ಪೀಡೆ ತೊಲಗಲಿ" ಅಂದುಬಿಡುತ್ತೇವೆ. ಸ್ವಲ್ಪ ತಾಳಿ, ಸೋದರಿಯರೇ!

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ೧೯೯೬ರಲ್ಲಿ ಬಾಗಿಲು ಹಾಕಿತು. ಆರ್.ಎಕ್ಸ್. ೧೦೦ ತಯಾರಿ ನಿಂತದ್ದೂ ಅದೇ ವರ್ಷ. ಜಾವಾ ೨೦೧೮ರಲ್ಲಿ, ಯೆಜ್ಡಿ ೨೦೨೨ರಲ್ಲಿ ಮತ್ತೆ ಬಂದವು ನಿಜ. ಆದರೆ ಎಂಜಿನ್ನೇ ಬೇರೆ, ಹಳೆಯದಕ್ಕೆ ಹೊಂದುವುದಿಲ್ಲ. ಹಾಗಾಗಿ ಹಳೇ ಗಾಡಿಯನ್ನು ಮಗುವಿನಂತೆ ಸಾಕುವವರಿಗೆ ಅಸಲಿ ಬಿಡಿಭಾಗ ಸಿಗುವುದು ಇನ್ನೊಬ್ಬರ ಅಟ್ಟದಿಂದಲೇ. ಭಾನುವಾರ ಬೆಳಗಿನ ಜಾವ ನಂದಿಬೆಟ್ಟದ ದಾರಿಯಲ್ಲಿ ಸದ್ದು ಮಾಡಿಕೊಂಡು ಹೋಗುತ್ತಾರಲ್ಲ, ಅಂಥ ಹುಚ್ಚಿನವರೇ ಇದರ ಗಿರಾಕಿಗಳು. ವೇಗದ ರಾಜದೂತ್ ೩೫೦ರ ಭಾಗವಾದರಂತೂ ಕೇಳುವುದೇ ಬೇಡ.

ಆದರೆ ಈ ವ್ಯಾಪಾರ ನಿಂತಿರುವುದು ನಂಬಿಕೆಯ ಮೇಲೆ. ರುಬ್ಬಿ ರುಬ್ಬಿ ಒರಳಿನ ಕುಳಿ ಅಗಲವಾದರೆ ಗುಂಡು ಸಡಿಲವಾಗುವುದಿಲ್ಲವೇ? ಎಂಜಿನ್ನಿನ ಸಿಲಿಂಡರೂ ಹಾಗೆಯೇ. ಸವೆದಾಗ ಮೆಕ್ಯಾನಿಕ್ ಅದನ್ನು ಕಾಲು ಮಿಲಿಮೀಟರ್, ಅರ್ಧ ಮಿಲಿಮೀಟರ್ ಕೊರೆಸಿ ದಪ್ಪ ಪಿಸ್ಟನ್ ಹಾಕುತ್ತಾನೆ. ಇದಕ್ಕೆ ಬೋರ್ ಮಾಡಿಸುವುದು ಅನ್ನುತ್ತಾರೆ. ಹೆಚ್ಚು ಸಲ ಕೊರೆದಷ್ಟೂ ಆಯುಷ್ಯ ಕಡಿಮೆ, ಬೆಲೆಯೂ ಕಡಿಮೆ. ದಪ್ಪ ಪಿಸ್ಟನ್ನಿನ ತಲೆಯ ಮೇಲೆ ಸಾಮಾನ್ಯವಾಗಿ ಅಳತೆ ಒತ್ತಿರುತ್ತದೆ. ಓದಿ, ಕೊಳ್ಳುವವರಿಗೆ ಇದ್ದದ್ದು ಇದ್ದ ಹಾಗೆ ಹೇಳಿ. ಬಿರುಕು, ಬೆಸುಗೆ ಇದ್ದರೆ ಬಣ್ಣ ಬಳಿದು ಮುಚ್ಚಬೇಡಿ. ಬಿರುಕು ಬಿಟ್ಟ ಭಾಗ ಓಡುವ ಗಾಡಿಯಲ್ಲಿ ಒಡೆದರೆ ಬೀಳುವವನೂ ಒಬ್ಬ ತಾಯಿಯ ಮಗನೇ.

ಸೀಮೆಎಣ್ಣೆಯಲ್ಲಿ ಜಿಡ್ಡು ತೊಳೆದು, ಒರೆಸಿ, ತೆಳುವಾಗಿ ಎಂಜಿನ್ ಆಯಿಲ್ ಸವರಿಡಿ. (ಒಲೆಯಿಂದ ದೂರ, ಹಿತ್ತಿಲಲ್ಲಿ!) ಉಪ್ಪುಕಾಗದ ಹಿಡಿದು ತಿಕ್ಕುವ ಉತ್ಸಾಹ ಬೇಡ. ಬೆಲೆಯನ್ನು ಒಬ್ಬ ಮೆಕ್ಯಾನಿಕ್‌ನನ್ನಲ್ಲ, ಇಬ್ಬರನ್ನು ಕೇಳಿ, ಮೊದಲನೆಯವನೇ ಕೊಳ್ಳುವವನಾಗಿರಬಹುದು. ಕಾರ್ಬುರೇಟರ್, ಸೈಲೆನ್ಸರ್, ಕ್ರ್ಯಾಂಕ್ ಇವುಗಳಿಗೆ ಬೇರೆಬೇರೆ ಬೆಲೆ. "ಎಲ್ಲಾ ಸೇರಿ ಇಷ್ಟು ತಗೊಳ್ಳಿ ಅಕ್ಕಾ" ಅಂದರೆ ಒಪ್ಪಬೇಡಿ.

ಎಂಜಿನ್ನಿನ ಹೊರಕವಚದ ಮೇಲೆ ನಂಬರ್ ಕೊರೆದಿರುತ್ತದೆ. ಆರ್.ಸಿ. ಪುಸ್ತಕದಲ್ಲಿರುವುದೂ ಅದೇ. ಕಾಗದವಿಲ್ಲದೆ ಆ ಭಾಗ ಮಾರಬಾರದು, ಕೊಳ್ಳಲೂಬಾರದು. ಕದ್ದ ಗಾಡಿಯದಾದರೆ ಪೊಲೀಸರು ಬರುವುದು ಮನೆ ಬಾಗಿಲಿಗೆ. ಗಾಡಿ ಪೂರ್ತಿ ಹಾಳಾಗಿದ್ದರೆ ೧೯೮೮ರ ಮೋಟಾರು ವಾಹನ ಕಾಯಿದೆಯ ೫೫ನೇ ಕಲಮಿನಂತೆ ಹದಿನಾಲ್ಕು ದಿನದೊಳಗೆ, ಇಲ್ಲವೇ ಆದಷ್ಟು ಬೇಗ, ಆರ್.ಟಿ.ಓ. ಕಛೇರಿಗೆ ತಿಳಿಸಿ ಆರ್.ಸಿ. ಹಿಂತಿರುಗಿಸಬೇಕು.

ಯಜಮಾನರು ತೀರಿಕೊಂಡ ಮನೆಯ ಹೆಣ್ಣುಮಗಳಿಗೆ ಇದು ಇನ್ನೂ ಮುಖ್ಯ. ಹದಿನೈದು ದಿನ ಕಳೆಯುವುದರೊಳಗೆ "ಅಣ್ಣನ ನೆನಪಿಗೆ ಆ ಎಂಜಿನ್ ಕೊಡಿ ಅತ್ತಿಗೆ" ಎಂದು ಸ್ನೇಹಿತರು ಬರಬಹುದು. ಪ್ರೀತಿಯೂ ಇರಬಹುದು, ಲೆಕ್ಕಾಚಾರವೂ ಇರಬಹುದು. "ಮೈದುನರನ್ನು ಕೇಳಿ ಹೇಳ್ತೀನಿ" ಅಂದು ಕಾಫಿ ಕೊಟ್ಟು ಕಳಿಸಿ. ಗಾಡಿ ಇಡಿಯಾಗಿದ್ದರೆ ಬಿಚ್ಚಿಸಲೇಬೇಡಿ. ಮೊದಲು ಆರ್.ಸಿ. ನಿಮ್ಮ ಹೆಸರಿಗೆ ಆಗಲಿ. ಆಮೇಲೆ ಇಬ್ಬರು ಮೂವರು ಬಂದು ನೋಡಲಿ, ಹಣ ಎಣಿಸಿದ ಮೇಲೆ ಚೀಟಿಗೆ ರುಜು ಹಾಕಿಸಿಕೊಳ್ಳಿ.