ತಿಪ್ಪೆಯೊಳಗಿನ ಗಂಟು

ಕೋಲಾರದ ಕಡೆ ಮಾಗಿ ಚಳಿ ಹಿಡಿಯಿತೆಂದರೆ ಹೊತ್ತು ಏರುವವರೆಗೂ ಹೊಲದ ಬದು ಕಾಣದು. ಮಲ್ಚಿಂಗ್ ಹಾಳೆಯ ತುಂಬ ಇಬ್ಬನಿ. ಮನೆ ಹಿಂದಿನ ತಿಪ್ಪೆಯಿಂದ ಮಾತ್ರ ಸಣ್ಣಗೆ ಹಬೆಯಾಡುತ್ತಿರುತ್ತದೆ. ತಲೆಗೆ ಸೆರಗು ಬಿಗಿದ ಹೆಂಗಸೊಬ್ಬಳು ಅದರ ಅಂಚಿನಲ್ಲಿ ಮೊಣಕೈವರೆಗೆ ಕೈ ಇಳಿಸಿ ಗೋಣಿ ಸುತ್ತಿದ ಗಂಟೊಂದನ್ನು ಎಳೆಯುತ್ತಾಳೆ. ಒಳಗೆ ಹಳೇ ಪಂಚೆಯ ತುಂಡು, ಅದರಲ್ಲಿ ಹಾಗಲ ಬೀಜ. ಒರಟು ಸಿಪ್ಪೆ ಬಿರಿದು, ಮೂತಿಯಲ್ಲಿ ಅಕ್ಕಿನುಚ್ಚಿನಷ್ಟು ಬಿಳಿ ಬೇರು.

"ಬಂದವೇನಮ್ಮ?"

"ಮೂತಿ ಬಿಟ್ಟವೆ. ಉದ್ದ ಆದ್ರೆ ಮುರೀತವೆ, ಬಿಸಿಲು ಬಂದೇಟ್ಗೆ ಊರ್ಬಿಡು."

ತಿಪ್ಪೆಯ ನಡುವೆ ಇಟ್ಟರೆ ಬೀಜ ಬೆಂದೇ ಹೋದೀತು, ಅಂಚೇ ಸರಿ. ಗಂಟು ಕಟ್ಟುವ ಮುನ್ನ ನೇಲ್ ಕಟರ್‌ನಿಂದ ಸಿಪ್ಪೆಯ ತುದಿ ಚಿವುಟಿ, ಉಗುರುಬೆಚ್ಚಗಿನ ನೀರಿನಲ್ಲಿ ರಾತ್ರಿ ನೆನೆಸಿರುತ್ತಾರೆ. ತಣ್ಣೀರು ಬೇಡ. ಒಣಬೀಜ ಮೊದಲ ಗುಟುಕು ಕುಡಿಯುವಾಗಲೇ ಚಳಿ ತಗುಲಿದರೆ ಜೀವಕೋಶದ ಪೊರೆ ಸೋರುತ್ತದೆ, ಸೋರಿದ ಸಕ್ಕರೆಗೆ ಮಣ್ಣಿನ ಶಿಲೀಂಧ್ರ ಮುತ್ತುತ್ತದೆ.

ಚಳಿ ಬೀಜವನ್ನು ಕೊಲ್ಲುವುದಕ್ಕಿಂತ ಹೆಚ್ಚಾಗಿ ಕಾಯಿಸಿ ಕೆಡಿಸುತ್ತದೆ. ಮಣ್ಣು 25 ಡಿಗ್ರಿ ಇದ್ದರೆ ಟೊಮೆಟೊ ಏಳಲು 6 ದಿನ ಸಾಕು. 15ಕ್ಕೆ ಇಳಿದರೆ ಎರಡು ವಾರ, 10ಕ್ಕೆ ಇಳಿದರೆ ಆರು ವಾರ. ಮೆಣಸಿನಕಾಯಿಯಂತೂ 10ರಲ್ಲಿ ಕಣ್ಣೇ ಬಿಡದು. ಅಷ್ಟು ದಿನ ಹಸಿಮಣ್ಣಲ್ಲಿ ಬಿದ್ದದ್ದು ಕೊಳೆಯದೆ ಇನ್ನೇನು? ನಿಧಾನದ ಕೆಲಸವನ್ನೆಲ್ಲ ಬೆಚ್ಚಗಿನ ಜಾಗದಲ್ಲೇ ಮುಗಿಸಿ ಹೊಲಕ್ಕಿಳಿಸುವುದು ಜಾಣತನ.

1973ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಂನ ವಾಲ್ಟರ್ ಹೈಡೆಕರ್ ಪಾಲಿಎಥಿಲೀನ್ ಗ್ಲೈಕಾಲ್ ದ್ರಾವಣದಲ್ಲಿ ಬೀಜ ನೆನೆಸಿ ತೋರಿಸಿದ ಪ್ರೈಮಿಂಗ್‌ನ ಗುಟ್ಟೂ ಇದೇ. ಬೀಜದೊಳಗಿನ ಕಿಣ್ವಗಳು ಎಚ್ಚರಗೊಳ್ಳಬೇಕು, ಬೇರು ಮಾತ್ರ ಹೊರಬೀಳಬಾರದು. ಅಷ್ಟರಲ್ಲಿ ತೆಗೆದು ನೆರಳಲ್ಲಿ ಒಣಗಿಸಬೇಕು. ಮೆಣಸಿನಕಾಯಿ, ಟೊಮೆಟೊದಂಥ ಸಣ್ಣ ಬೀಜಕ್ಕೆ ಲೀಟರ್ ನೀರಿಗೆ 10 ಗ್ರಾಂ ಪೊಟ್ಯಾಸಿಯಂ ನೈಟ್ರೇಟ್ ಬೆರೆಸಿದರೂ ನಡೆಯುತ್ತದೆ. ಡ್ರಿಪ್‌ಗೆ ಬಿಡುವ 13-0-45 ಅಂದರೆ ಅದೇ. ಹೀಗೆ ಒಣಗಿಸಿದ್ದನ್ನು ಡಬ್ಬಿಯಲ್ಲಿ ಮುಂದಿನ ವರ್ಷಕ್ಕೆಂದು ಎತ್ತಿಡಬಾರದು, ಅದರ ಆಯಸ್ಸು ಕಡಿಮೆ. ಕಂಪನಿಯವರು ಬಣ್ಣ ಬಳಿದು ಕೊಟ್ಟ ಬೀಜವನ್ನೂ ನೆನೆಸಬಾರದು. ದುಡ್ಡು ಕೊಟ್ಟು ತಂದ ಔಷಧಿ ನೀರುಪಾಲು.

ನರ್ಸರಿಗಳಲ್ಲಿ ತಿಪ್ಪೆಯ ಕೆಲಸ ಪಾಲಿಥೀನ್ ಹಾಳೆಯದು. ಕೋಕೋಪೀಟ್ ತುಂಬಿ ಬೀಜ ಹಾಕಿದ ಟ್ರೇಗಳನ್ನು ಒಂದರ ಮೇಲೊಂದು ಪೇರಿಸಿ, ಸುತ್ತಲೂ ಬಿಗಿಯಾಗಿ ಹೊದಿಸಿಡುತ್ತಾರೆ. ದಿನಾ ಹಾಳೆ ಎತ್ತಿ ಇಣುಕದೆ ವಿಧಿಯಿಲ್ಲ. ಮೊಳಕೆ ಎದ್ದ ಮೇಲೂ ಒಂದು ದಿನ ಒಳಗೇ ಉಳಿದರೆ ಸಸಿ ಬಿಳಿಚಿ, ಕತ್ತು ಚಾಚಿ, ಬಾಗಿಬಿಡುತ್ತದೆ; ಕೊಳ್ಳಲು ಬಂದವನು ಪಕ್ಕದ ನರ್ಸರಿಗೆ ಬೈಕು ತಿರುಗಿಸುತ್ತಾನೆ.