ನಿಮಗಿದು ಗೊತ್ತೆ?: ಕ್ಯಾಮೆರಾ ಸೆನ್ಸರ್‌ನ ದೂಳು

ಡಿಜಿಟಲ್ ಕ್ಯಾಮೆರಾದಲ್ಲಿ ದೂಳು ಕೂರುವುದು ಸೆನ್ಸರ್ ಮೇಲಲ್ಲ, ಅದರ ಮುಂದಿರುವ ತೆಳು ಫಿಲ್ಟರ್ ಗಾಜಿನ ಮೇಲೆ. ಲೆನ್ಸ್ ಬದಲಿಸುವಾಗ ಒಳಹೊಕ್ಕ ಕಣ ಅಲ್ಲಿ ಅಂಟಿಕೊಂಡರೆ ಪ್ರತಿ ಚಿತ್ರದ ಅದೇ ಜಾಗದಲ್ಲಿ ಮಸುಕು ಚುಕ್ಕೆ ಮೂಡುತ್ತದೆ. ಕೊಟ್ಟೂರು ಗುರುಬಸವೇಶ್ವರ ರಥೋತ್ಸವದ ಜನಜಂಗುಳಿಯಾಗಲಿ, ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆ ಕರಡಿಧಾಮದ ಒಣ ಕುರುಚಲು ಕಾಡಾಗಲಿ ಲೆನ್ಸ್ ಬಿಚ್ಚುವ ಜಾಗವಲ್ಲ. 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿದ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದಲ್ಲಿ ಹಾರುವ ಹಕ್ಕಿಯ ಚಿತ್ರ ತೆಗೆಯುವವರಿಗಂತೂ ಬರಿ ಆಕಾಶದ ಹಿನ್ನೆಲೆಯಲ್ಲಿ ಈ ಚುಕ್ಕೆ ಬೇಗ ಕಣ್ಣಿಗೆ ಬೀಳುತ್ತದೆ.

ಪರೀಕ್ಷೆ ಸುಲಭ. ಅಪರ್ಚರ್ ಎಫ್/22ಕ್ಕಿಟ್ಟು, ಫೋಕಸ್ ತಪ್ಪಿಸಿ, ಶುಭ್ರ ಆಕಾಶದ ಚಿತ್ರ ತೆಗೆದರೆ ಸಾಕು. ಸೆನ್ಸರ್ ಮೇಲೆ ಬಿಂಬ ತಲೆಕೆಳಗಾಗಿ ಬೀಳುವುದರಿಂದ ಚಿತ್ರದ ಮೇಲಂಚಿನ ಚುಕ್ಕೆಯ ದೂಳು ಸೆನ್ಸರ್‌ನ ಕೆಳಭಾಗದಲ್ಲಿರುತ್ತದೆ.

ಗಾಜನ್ನು ನಡುಗಿಸಿ ದೂಳು ಕೊಡವುವ ವ್ಯವಸ್ಥೆ 2003ರ ಒಲಿಂಪಸ್ ಇ-1ರಲ್ಲಿ ಬಂತು. ಈಗ ಬಹುತೇಕ ಕ್ಯಾಮೆರಾಗಳ ಮೆನುವಿನಲ್ಲೇ ಇದೆ. ಅದಕ್ಕೂ ಹೋಗದಿದ್ದರೆ ಫ್ಯಾನ್ ಆರಿಸಿದ ಕೋಣೆಯಲ್ಲಿ, ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ, ಕ್ಲೀನಿಂಗ್ ಮೋಡ್‌ನಲ್ಲಿ ಕ್ಯಾಮೆರಾದ ಬಾಯಿ ಕೆಳಮುಖವಾಗಿ ಹಿಡಿದು ರಬ್ಬರ್ ಬ್ಲೋವರ್‌ನಿಂದ ಗಾಳಿ ಹಾಯಿಸಬೇಕು. ಬ್ಲೋವರ್ ತುದಿ ಗಾಜಿಗೆ ತಾಗಬಾರದು. ಬಾಯಿಂದ ಊದಿದರೆ ಎಂಜಲ ಹನಿ, ಡಬ್ಬಿಯ ಒತ್ತಡದ ಗಾಳಿಯಿಂದ ದ್ರವದ ಕಲೆ ಬೀಳುವುದುಂಟು.

ಅಂಟು ಕಲೆಗೆ ಸೆನ್ಸರ್ ಅಳತೆಯ ಸ್ವಾಬ್ ಬೇಕು: ಫುಲ್‌ಫ್ರೇಮ್‌ಗೆ 24 ಮಿ.ಮೀ., ಎಪಿಎಸ್-ಸಿಗೆ 16 ಮಿ.ಮೀ. ಅಗಲದ್ದು. ಅದಕ್ಕೆ ಒಂದೆರಡು ಹನಿ ಕ್ಲೀನಿಂಗ್ ದ್ರವ ಹಾಕಿ ಒಂದೇ ದಿಕ್ಕಿಗೆ ಒಮ್ಮೆ ಎಳೆಯಬೇಕು. ಬಳಸಿದ್ದನ್ನು ಮತ್ತೆ ಬಳಸುವಂತಿಲ್ಲ. ಗೀರು ಬಿದ್ದರೆ ರಿಪೇರಿ ದುಬಾರಿ. ಹಾಗಾಗಿ ಬ್ಲೋವರ್‌ಗೆ ಬಗ್ಗದ ಕಲೆಯನ್ನು ಕೈ ಪಳಗದವರು ಸರ್ವಿಸ್ ಸೆಂಟರ್‌ಗೆ ಬಿಡುವುದೇ ಲೇಸು.